ಪದ ಎತ್ತುವವಳು ಹಿಂದೆ ಕೂತ ಭಾನುವಾರ

"ಆ ಮೈಕು ನಿಮಗೆ ಬೇಡ."

ತಲೆಯನ್ನೂ ಎತ್ತದೆ ಹೇಳಿದ ಬೈರೇಶನನ್ನು ವರಲಕ್ಷ್ಮಿ ದುರುಗುಟ್ಟಿ ನೋಡಿದಳು. ಕುದೂರಿನಿಂದ ಎರಡು ಬಸ್ಸು ಹಿಡಿದು ರಾಮನಗರದ ಈ ಮೈಕಿನ ಅಂಗಡಿಗೆ ಬಂದದ್ದು ಇದನ್ನು ಕೇಳುವುದಕ್ಕಾ?

"ಯಾಕೆ, ನಮ್ಮಂಥವರಿಗೆ ಮಾರಲ್ವಾ?"

"ಅದು ಭಾಷಣದ ಮೈಕು. ಒಂದು ಬಾಯಿಗೆ ಸರಿ. ನಿಮ್ಮಲ್ಲಿ ಹಾಡೋರು ಎಷ್ಟು ಜನ?"

"ಆರು. ಸೋಬಾನೆ. ನಮ್ಮಜ್ಜಿ ಪದ ಎತ್ತುತ್ತಾರೆ, ಎದುರು ಸಾಲಿಂದ ನಾಗಲಕ್ಷ್ಮಮ್ಮ ಸೊಲ್ಲು ತಿರುಗಿಸಿ ಹಾಡ್ತಾರೆ. ಸೋಮವಾರ ಅವರು ಕನಕಪುರಕ್ಕೆ ಮಗಳ ಮನೆಗೆ ಹೋಗಿ ಅಲ್ಲೇ ಇದ್ದುಬಿಡ್ತಾರೆ. ಈ ಭಾನುವಾರ ಬಿಟ್ಟರೆ ಆ ಆರು ದನಿ ರೆಕಾರ್ಡ್ ಮಾಡೋಕೆ ಒಟ್ಟಿಗೆ ಸಿಗಲ್ಲ..."

ಅವನು ಆಗ ತಲೆ ಎತ್ತಿದ. ಎಷ್ಟು ಹೊತ್ತು ನೋಡಿದನೆಂದರೆ ಅವಳೇ ಕಣ್ಣು ತಗ್ಗಿಸಬೇಕಾಯಿತು.

"ಇದು ಸ್ಟೀರಿಯೊ," ಎಂದು ಎರಡು ತಲೆಯ ಪುಟ್ಟ ಮೈಕನ್ನು ಮುಂದಿಟ್ಟ. "ಎಡಗಡೆಯವರನ್ನ ಎಡಕ್ಕೇ, ಬಲಗಡೆಯವರನ್ನ ಬಲಕ್ಕೇ ಹಿಡಿಯುತ್ತೆ. ಭಾನುವಾರ ಎರಡನ್ನೂ ತರ್ತೀನಿ. ಕೇಳಿ ಆರಿಸ್ಕೊಳ್ಳಿ."

ಮಾತಿಗೆ ತಪ್ಪದೆ ಭಾನುವಾರ ಕುದೂರಿಗೆ ಬಂದ. ಜಗಲಿಯ ಮೇಲೆ ಎರಡು ಸಾಲು ಕೂತಿತ್ತು. ಎಲ್ಲರಿಗಿಂತ ಮುಂದೆ ಅಜ್ಜಿ ದೊಡ್ಡಲಕ್ಷ್ಮಮ್ಮ. ಒಂದು ಪದವನ್ನು ಕಣ್ಣುಮುಚ್ಚಿ ಕೇಳಿದ ಬೈರೇಶ ಮೆಲ್ಲಗೆ ಹೇಳಿದ, "ಅಜ್ಜಿ, ನೀವು ಒಸಿ ಸಾಲಿನ ಕೊನೆಗೆ ಕೂತ್ಕೋತೀರಾ?"

ಪದ ಎತ್ತುವವಳ ಜಾಗ ಮುಂದೆ. ಮದುವೆ ಮನೆಯಲ್ಲಿ ಹೆಣ್ಣಿನ ತಾಯಿಯೂ ಆ ಜಾಗಕ್ಕೆ ಬರುವುದಿಲ್ಲ.

"ಏನಂದೆ? ನಲವತ್ತು ವರ್ಸದಿಂದ ಮುಂದೆ ಕುಂತವ್ಳು ನಾನು. ಮೆಟ್ಟು ಬುಡೋ ತಾವ ಕೂರುಸ್ತೀಯಾ?"

ವರಲಕ್ಷ್ಮಿಗೆ ಮೈಯೆಲ್ಲ ಉರಿಯಿತು. "ಅಜ್ಜಿಗೆ ಅವಮಾನ ಮಾಡೋಕೆ ಇಷ್ಟು ದೂರ ಬಂದ್ರಾ? ಹೊರಡಿ."

ಅವನು ಎರಡು ಮೈಕನ್ನೂ ಹೆಡ್‌ಫೋನನ್ನೂ ಅಲ್ಲೇ ಬಿಟ್ಟು ಬಸ್ ಸ್ಟ್ಯಾಂಡಿನ ಕಡೆ ನಡೆದ.

ಅವನಿಲ್ಲದಿದ್ದರೆ ಆಗುವುದಿಲ್ಲವಾ? ಅವಳೇ ಎರಡರಲ್ಲೂ ರೆಕಾರ್ಡ್ ಮಾಡಿದಳು. ಭಾಷಣದ ಮೈಕಿನಲ್ಲಿ ಎಲ್ಲ ದನಿಯೂ ಒಂದೇ ರಾಶಿ. ಸ್ಟೀರಿಯೊದಲ್ಲಿ ಎರಡು ಸಾಲು ಬೇರೆಬೇರೆಯಾಗಿ ತೆರೆದುಕೊಂಡವು, ನಿಜ. ಆದರೆ ನಾಗಲಕ್ಷ್ಮಮ್ಮನ ದನಿ... ಎಲ್ಲಿ?

"ತತ್ತಾ ಇಲ್ಲಿ," ಎಂದು ಅಜ್ಜಿ ಹೆಡ್‌ಫೋನ್ ಕಿತ್ತುಕೊಂಡು ಕಿವಿಗೇರಿಸಿದಳು. ಹುಬ್ಬು ಮೇಲಕ್ಕೆ ಹೋಯಿತು. "ಏ ನಾಗಿ, ನೀನು ಹಾಡ್ದ್ಯಾ ಇಲ್ವಾ?"

"ಹಾಡ್ದೆ ಕಣಕ್ಕ. ನಿನ್ ಗಂಟ್ಲಿನ ಅಡೀಲಿ ಸಿಕ್ಕಾಕೊಂಡಿದ್ದೆ. ಇವತ್ತಲ್ಲ, ನಲವತ್ತು ವರ್ಸದಿಂದ."

ಎಲ್ಲರಿಗಿಂತ ಮೊದಲು ನಕ್ಕವಳು ಅಜ್ಜಿಯೇ. ಚಾಪೆ ಎತ್ತಿಕೊಂಡು ಸಾಲಿನ ಕೊನೆಗೆ ಹೋಗಿ ಕೂತಳು.

"ನೋಡ್ತಾ ನಿಂತವ್ಳೆ. ಓಗಮ್ಮಿ, ಆ ಹೈದನ್ನ ಕರ್ಕೊಂಬಾ."

ಮಾಗಡಿ ಬಸ್ಸು ಇನ್ನೂ ಬಂದಿರಲಿಲ್ಲ. ಓಡಿಬಂದ ವರಲಕ್ಷ್ಮಿ ಏದುಸಿರಿನಲ್ಲಿ ಕೇಳಿದಳು, "ಕಾರಣ ಹೇಳಬಾರದಿತ್ತಾ?"

"ಹೇಗೆ ಹೇಳ್ಲಿ? ಅಷ್ಟು ಜನರ ಎದುರು, ನಿಮ್ಮ ದನಿ ಗೆಳತೀನ ಮುಚ್ಚಿಬಿಡ್ತಿದೆ ಅಂತ... ಆ ವಯಸ್ಸಿನವರಿಗೆ?"

ಬೈಸಿಕೊಂಡು ಸುಮ್ಮನೆ ಹೊರಟಿದ್ದು ಅಜ್ಜಿಗಾಗಿಯಾ?

"ತಪ್ಪಾಯ್ತು. ಬನ್ನಿ."

ಬಿಸಿಲು ಇಳಿಯುವಷ್ಟರಲ್ಲಿ ಹದಿಮೂರು ಪದ ಸ್ಟೀರಿಯೊದಲ್ಲಿ ಕೂತವು. ನಾಗಲಕ್ಷ್ಮಮ್ಮನ ಸಣ್ಣ ದನಿ ಬಲಗಿವಿಯಲ್ಲಿ ಮೊದಲ ಸಲ ಬೇರೆಯಾಗಿ ಕೇಳಿಸಿದಾಗ ವರಲಕ್ಷ್ಮಿ ಅತ್ತುಬಿಟ್ಟಳು. ಬೈರೇಶ ಪಕ್ಕದಲ್ಲಿ ಕೂತಿದ್ದ, ಅಷ್ಟೇ.

ಅವನು ವೈರು ಸುತ್ತುವಾಗ ಅವಳು ಹೇಳಿದಳು, "ಸ್ಟೀರಿಯೊ ನನಗಿರಲಿ. ಆದ್ರೆ... ಇನ್ನು ನಿಮ್ಮಂಗಡಿಗೆ ಬರೋಕೆ ನೆಪ ಇಲ್ಲ."

"ನೆಪ ಯಾಕೆ? ಸುಮ್ನೆ ಬನ್ನಿ."

"ಯಾಕೆ ಬಂದೆ ಅಂತ ಕೇಳಿದ್ರೆ?"

ಅವನ ಕೈ ನಿಂತಿತು.

"ನಿಮ್ಮನ್ನ ನೋಡೋಕೆ ಬಂದೆ ಅನ್ನಿ. ನಾನೂ ಇವತ್ತು ಅದಕ್ಕೇ ಬಂದಿದ್ದು."

"ನಾಳೇನೇ ಬರಲಾ?"

"ಹೂಂ. ಕಾಯ್ತಿರ್ತೀನಿ."