ದಯವಿಟ್ಟು ಮುಟ್ಟಿ

“‘ಬೇಡಿ’ ಎಲ್ಲಿ?” ಎಂದು ಅವಳು ಕೇಳಿದಳು.

ಏಣಿಯ ಮೇಲಿದ್ದವನು ಕೆಳಗೆ ನೋಡಿದ. ಒಂದು ಕೈಯಲ್ಲಿ ಬ್ರಷ್, ಇನ್ನೊಂದರಲ್ಲಿ ನೀಲಿ ಬಣ್ಣದ ಡಬ್ಬಿ, ಕಿವಿಯ ಮೇಲೆ ಪೆನ್ಸಿಲ್.

“ಯಾವ ಬೇಡಿ ಮೇಡಂ?”

“‘ದಯವಿಟ್ಟು ಮುಟ್ಟಬೇಡಿ’ ಅಂತ ಇರಬೇಕು. ನೀವು ‘ದಯವಿಟ್ಟು ಮುಟ್ಟಿ’ ಅಂತ ಬರೆದಿದ್ದೀರ. ಅರ್ಧ ಪದ ನುಂಗಿಬಿಟ್ಟಿದ್ದೀರ.”

“ನನಗೆ ಬರೆಯೋಕೆ ಹೇಳಿದ್ದೇ ಇಷ್ಟು.” ಅವನು ಬ್ರಷ್ಷು ಡಬ್ಬಿ ಸಮೇತ ಎರಡೂ ಮಣಿಕಟ್ಟು ಜೋಡಿಸಿ ತೋರಿಸಿದ. “ಬೇಡಿ ನಿಮ್ಮ ಹತ್ತಿರಾನೇ ಇರಲಿ. ನನ್ನ ಕೈಗೆ ಮಾತ್ರ ಹಾಕಬೇಡಿ.”

ಅವಳಿಗೆ ನಗು ಗಂಟಲವರೆಗೆ ಬಂತು. ನುಂಗಿಕೊಂಡಳು. ಮೊದಲ ಭೇಟಿಯಲ್ಲೇ ನಗಿಸುವವನ ಕಣ್ಣು ನಮ್ಮ ಪರ್ಸಿನ ಮೇಲಿರುತ್ತದೆ ಎಂಬುದು ಅವಳ ಸಿದ್ಧಾಂತ.

ಅವಳು ದೊಡ್ಡ ಮ್ಯೂಸಿಯಂನ ಗಾರ್ಡ್. ಸತ್ತ ರಾಜರ ಕತ್ತಿ, ಒಡೆದ ಹೂಜಿ, ಮೂಗಿಲ್ಲದ ವಿಗ್ರಹ, ಇವುಗಳ ಪಕ್ಕ ನಿಂತು ‘ಮುಟ್ಟಬೇಡಿ’ ಎಂದು ಎಷ್ಟು ಸಲ ಹೇಳಿದ್ದಳೆಂದರೆ, ಶಾಲೆಯ ಮಕ್ಕಳು ಅವಳಿಗೆ ‘ಮುಟ್ಟಬೇಡಿ ಮೇಡಂ’ ಎಂದೇ ಹೆಸರಿಟ್ಟಿದ್ದರು. ಅವಳು ಯಾರ ಮುಖವನ್ನೂ ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದಳು. ಮುಖ ನೋಡಿ ಒಮ್ಮೆ ಮೋಸ ಹೋಗಿದ್ದಳಲ್ಲ. ಮದುವೆಯ ಕಾರ್ಡು ಅಚ್ಚಾದ ಮೇಲೆ ಹುಡುಗ ಕೈಕೊಟ್ಟಿದ್ದ. ಅಂದಿನಿಂದ ಅವಳಿಗೆ ಜಗತ್ತಿನಲ್ಲಿರುವುದು ಎರಡೇ ಬಗೆಯ ಜನ: ಕೈಕೊಟ್ಟವರು, ಇನ್ನೂ ಕೊಡದವರು.

ಈಗ ಡೈರೆಕ್ಟರಿಗೆ ಹೊಸ ಹುಚ್ಚು ಹಿಡಿದಿತ್ತು. ಜನ ಮ್ಯೂಸಿಯಂಗೆ ಬಂದು ದೂರ ನಿಂತು ಆಕಳಿಸಿ ಹೋಗುವುದು ಸಾಕು, ಮ್ಯೂಸಿಯಮ್ಮೇ ಬೀದಿಗೆ ಹೋಗಲಿ ಎಂದು ಅವರು ಒಂದು ಬೀದಿಯ ಮೂಲೆಯಲ್ಲಿ ಮುಚ್ಚಿಹೋಗಿದ್ದ ಝೆರಾಕ್ಸ್ ಅಂಗಡಿಯನ್ನು ಬಾಡಿಗೆಗೆ ಹಿಡಿದರು. ಒಳಗೆ ಒಂದು ಉದ್ದನೆಯ ಮೇಜು, ನಾಲ್ಕು ಸ್ಟೂಲು. ಬೀದಿಯವರು ತಮ್ಮ ಮನೆಯಲ್ಲಿ ಕೈಗೆ ಒಗ್ಗಿದ ಒಂದು ವಸ್ತುವನ್ನು ತಂದಿಡಬೇಕು. ಬಂದವರು ಎತ್ತಿ, ತಿರುಗಿಸಿ, ಅದರ ಕತೆ ಕೇಳಿ, ತಮ್ಮ ಕತೆ ಹೇಳಿ ಹೋಗಬೇಕು. ಅವಳನ್ನೇ ಅಲ್ಲಿಗೆ ಹಾಕಿ, ಕಾಯುವ ಕೆಲಸಕ್ಕಿಂತ ಮಾತಾಡಿಸುವ ಕೆಲಸ ಮುಖ್ಯ ಎಂದು ವಿವರಿಸಿದರು. ಕಮಿಟಿಯವರು ಅರೆಮನಸ್ಸಿನಿಂದ ಒಪ್ಪಿದ್ದಾರೆ, ಒಂದು ವಸ್ತು ಕಳೆದರೂ ಶಟರ್ ಎಳೆಸುತ್ತಾರೆ, ನಿಮ್ಮ ಕೆಲಸಕ್ಕೂ ಸಂಚಕಾರ ಎಂದೂ ಸೇರಿಸಿದರು. ಅವಳ ಕಿವಿಗೆ ಬಿದ್ದದ್ದು ಈ ಕೊನೆಯ ಮಾತು ಮಾತ್ರ.

ವಸ್ತುಗಳು ಬಂದವು. ಟೈಲರ್ ಅಕ್ಕನ ಕತ್ತರಿ, ಡ್ರಿಲ್ ಮೇಷ್ಟರ ಸೀಟಿ, ಒಂದು ಕಣ್ಣಿಲ್ಲದ ಬೊಂಬೆ. ನಿವೃತ್ತ ಪೋಸ್ಟ್‌ಮ್ಯಾನ್ ಒಬ್ಬರು, ಬೀದಿಗೆಲ್ಲ ‘ಪೋಸ್ಟ್ ತಾತ’, ತೀರಿಕೊಂಡ ಹೆಂಡತಿಯ ಲಟ್ಟಣಿಗೆ ತಂದಿಟ್ಟರು. ನಡುವೆ ಸವೆದು ಸಣ್ಣಗಾಗಿತ್ತು. ದಿನಾ ಸಂಜೆ ಬಂದು ಅದನ್ನು ಎರಡೂ ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಕೂರುತ್ತಿದ್ದರು. “ಹಿಡ್ಕೊಂಡ್ರೆ ಅವಳ ಕೈ ಹಿಡ್ಕೊಂಡ ಹಾಗೇ ಇರುತ್ತಮ್ಮ. ಮನೇಲಿ ಒಬ್ಬನೇ ಹಿಡ್ಕೊಂಡು ಕೂತ್ರೆ ಹುಚ್ಚ ಅಂತಾರೆ. ಇಲ್ಲಾದ್ರೆ ಮ್ಯೂಸಿಯಂ,” ಎಂದಿದ್ದರು.

ಆ ಶಟರಿನ ಬೀಗವೋ, ಹೇರ್‌ಪಿನ್ನಿಗೂ ಬಾಯಿ ಬಿಡುವಂಥದ್ದು. ಅವಳು ಅದನ್ನು ನಂಬುವುದುಂಟೇ? ಸಂಜೆ ಎಲ್ಲರೂ ಹೋದ ಮೇಲೆ ಮುಖ್ಯವೆನಿಸಿದ ವಸ್ತುಗಳನ್ನು ಬಟ್ಟೆಯಲ್ಲಿ ಗಂಟು ಕಟ್ಟಿ, ಬ್ಯಾಗಿಗೆ ಹಾಕಿ, ತಾನಿದ್ದ ಚಿಕ್ಕಮ್ಮನ ಮನೆಗೆ ಒಯ್ದು ಬೀರುವಿನ ಮೇಲಿಡುತ್ತಿದ್ದಳು. ಬೆಳಗ್ಗೆ ವಾಪಸ್. ಯಾರಿಗೂ ಹೇಳಿರಲಿಲ್ಲ.

ಬೋರ್ಡು ಒಣಗಿದ ಮೇಲೂ ಪೇಂಟರ್ ದಿನಾ ಬರುತ್ತಿದ್ದ. ಯಾಕೆ? ಇದೇ ಅವಳ ಪ್ರಶ್ನೆ. ಒಂದೊಂದೇ ವಸ್ತುವನ್ನು ಎತ್ತಿ ನೋಡುತ್ತಿದ್ದ. ಉದ್ದನೆಯ ಬೆರಳು, ಉಗುರಿನ ಅಂಚಿನಲ್ಲಿ ಎಷ್ಟು ತೊಳೆದರೂ ಹೋಗದ ನೀಲಿ. ಆ ಒಕ್ಕಣ್ಣಿನ ಬೊಂಬೆಯನ್ನು ಕೂಡ ನಿದ್ದೆ ಮಾಡುವ ಮಗುವಿನಂತೆ ಎತ್ತಿಕೊಳ್ಳುತ್ತಿದ್ದ. ಅವಳು ಆ ಕೈಗಳ ಮೇಲಿಂದ ಕಣ್ಣು ತೆಗೆಯುತ್ತಿರಲಿಲ್ಲ. ಡ್ಯೂಟಿ, ಎಂದು ತನಗೆ ತಾನೇ ಹೇಳಿಕೊಂಡಳು. ಅವನು ಬರುವುದು ಐದು ನಿಮಿಷ ತಡವಾದರೆ ಬೀದಿಯ ಕಡೆ ಕತ್ತು ಉದ್ದ ಮಾಡುವುದು ಯಾವ ಡ್ಯೂಟಿಯೋ, ಅದನ್ನು ಅವಳೇ ಹೇಳಬೇಕು.

ಇಷ್ಟರಲ್ಲಿ ಒಂದು ವಿಚಿತ್ರ ನಡೆಯಿತು. ಅವನು ಹೋದ ಮೇಲೆ ಮೇಜಿನ ಮೇಲೆ ತಗಡಿನಲ್ಲಿ ಕತ್ತರಿಸಿದ ಒಂದು ಕೆಂಪು ಅಕ್ಷರ ಸಿಕ್ಕಿತು: ‘ಡಿ’. ಕೆಲವು ದಿನ ಬಿಟ್ಟು ‘ಗ’. ಆಮೇಲೆ ‘ಟ್ಟೆ’. ವಸ್ತುಗಳು ಕಡಿಮೆಯಾದರೆ ಏನು ಮಾಡಬೇಕೆಂದು ಅವಳಿಗೆ ಗೊತ್ತಿತ್ತು; ಜಾಸ್ತಿಯಾದರೆ ಏನು ಮಾಡುವುದು? ಶಾಲೆ ಬಿಟ್ಟು ಬಂದ ಹುಡುಗಿಯರು ಎರಡು ಅಕ್ಷರ ಜೋಡಿಸಿ ‘ಗಡಿ’ ಎಂದು ಓದಿದರು. ಗಡಿ ಎಂದರೆ ಕಳ್ಳಸಾಗಣೆ ಎಂದು ಅವಳು ತೀರ್ಮಾನಿಸಿದಳು. ಮನೆಯಲ್ಲಿ ಹೇಳಿದಾಗ ಚಿಕ್ಕಮ್ಮ ಕಾಯಿಪಲ್ಯ ಹೆಚ್ಚುವುದನ್ನು ನಿಲ್ಲಿಸಿ ಅವಳನ್ನೇ ನೋಡಿದರು.

“ತಗೊಂಡು ಹೋಗೋ ಕಳ್ಳನ್ನ ನೋಡಿದ್ದೀನಿ ಕಣೇ. ಬಿಟ್ಟು ಹೋಗೋ ಕಳ್ಳನ್ನ ಇದೇ ಮೊದಲು ಕೇಳಿದ್ದು. ಹುಡುಗ ನೋಡೋಕೆ ಹೇಗಿದ್ದಾನೆ?”

ಮುಖ ನೋಡಿಲ್ಲ ಎಂದಳು. ಅದು ಸುಳ್ಳು.

ಗುರುವಾರ ಸಂಜೆ ಬಾಗಿಲು ಹಾಕುವ ಹೊತ್ತಿಗೆ ಅವನೊಬ್ಬನೇ ಉಳಿದಿದ್ದ. ಕೈಯಲ್ಲಿ ತಾತನ ಲಟ್ಟಣಿಗೆ. ಅವಳು ಅವನಿಗೆ ಬೆನ್ನು ಮಾಡಿ ಗಂಟು ಕಟ್ಟಿ ಮುಗಿಸಿದ್ದಳು.

“ದಿನಾ ಎಲ್ಲರ ಕೈ ನೋಡ್ತೀರಲ್ಲ,” ಎಂದ ಅವನು, “ನಿಮ್ಮ ಕೈ ಯಾರಾದ್ರೂ ನೋಡಿದ್ದಾರಾ?”

ಅವಳು ತಿರುಗಿದಳು. ಅವನು ಲಟ್ಟಣಿಗೆ ಮುಂದೆ ಚಾಚಿದ. ಒಂದು ಗಳಿಗೆ ಅದರ ಒಂದು ತುದಿ ಅವನ ಕೈಯಲ್ಲಿ, ಇನ್ನೊಂದು ಅವಳ ಕೈಯಲ್ಲಿ. ಆಮೇಲೆ ಶಟರ್ ಎಳೆದದ್ದು, ಬಸ್ಸು ಹತ್ತಿದ್ದು, ಯಾವುದೂ ಅವಳಿಗೆ ಸರಿಯಾಗಿ ನೆನಪಿಲ್ಲ.

ಶುಕ್ರವಾರ ಬೆಳಗ್ಗೆ ಗಂಟು ಬಿಚ್ಚಿದರೆ ಲಟ್ಟಣಿಗೆ ಇರಲಿಲ್ಲ. ಮೇಜಿನ ಮೇಲೂ ಇಲ್ಲ, ಕೆಳಗೂ ಇಲ್ಲ. ಕಣ್ಣು ಮುಚ್ಚಿ ನೆನಪಿಸಿಕೊಂಡಳು. ಲಟ್ಟಣಿಗೆ ಹಿಡಿದ ಆ ಉದ್ದ ಬೆರಳುಗಳು, ಅಷ್ಟೇ ಕಂಡಿತು. ಡೈರೆಕ್ಟರಿಗೆ ಫೋನ್ ಮಾಡಿದಳು.

ಸಂಜೆ ಡೈರೆಕ್ಟರ್ ಬಂದರು, ತಾತ ಬಂದರು, ಏನೂ ಗೊತ್ತಿಲ್ಲದೆ ಅವನೂ ಬಂದ. ಕೊನೆಗೆ ಹೋದವರು ಯಾರು ಎಂದು ಡೈರೆಕ್ಟರ್ ಕೇಳಿದರು. ಅವಳು ಅವನ ಕಡೆ ಕೈ ತೋರಿಸಿದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವನು ಹೆಗಲು ಮುಟ್ಟಿಕೊಳ್ಳಲಿಲ್ಲ. ಅವಳ ಹೆಗಲಿನ ಬ್ಯಾಗನ್ನು ನೋಡಿದ, ಆಮೇಲೆ ಅವಳ ಮುಖ ನೋಡಿದ. ಕಳೆದಿದ್ದರೆ ಗಾರ್ಡಿನ ಕೆಲಸ ಹೋಗುತ್ತದೆ ಎಂದು ಡೈರೆಕ್ಟರ್ ಹೇಳುತ್ತಲೇ ಇದ್ದರು.

“ನಾನೇ ತಗೊಂಡಿದ್ದು,” ಎಂದ ಅವನು. “ವಾಪಸ್ ಬರುತ್ತೆ.”

ಇನ್ನು ಈ ಮೆಟ್ಟಿಲು ಹತ್ತಬೇಡ ಎಂದು ಡೈರೆಕ್ಟರ್ ಅವನಿಗೆ ಹೇಳಿದರು. ಸೋಮವಾರದಿಂದ ಶಟರ್ ಬಂದ್ ಎಂದು ಅವಳಿಗೆ ಹೇಳಿದರು. ತಾತ ಸ್ಟೂಲಿನ ಮೇಲೆ ಕೂತು ಖಾಲಿ ಕೈಗಳನ್ನು ಮಂಡಿಯ ಮೇಲೆ ಇಟ್ಟುಕೊಂಡಿದ್ದರು.

ನಾನು ಹೇಳಿರಲಿಲ್ವಾ ಎಂದು ಮನೆಯಲ್ಲಿ ಅವಳು ಹತ್ತು ಸಲ ಹೇಳಿದಳು. ಸಂಶಯ ನಿಜವಾಯಿತಲ್ಲ, ಖುಷಿಯಾಗಬೇಕಿತ್ತು. ಅವಳು ತಟ್ಟೆ ಪಕ್ಕಕ್ಕೆ ಸರಿಸಿದಳು. ನಿನ್ನ ಮಾತೇ ಸರಿ ಆಯ್ತಲ್ಲ, ಮತ್ತೆ ಯಾಕೆ ಅಳ್ತಿದ್ದೀಯ ಎಂದು ಚಿಕ್ಕಮ್ಮ ಕೇಳಿದರು.

ಭಾನುವಾರ ಮಧ್ಯಾಹ್ನ ಅಡುಗೆಮನೆಯಿಂದ ಮಣೆಯ ಸದ್ದು ಕೇಳಿತು. ಹೋಗಿ ನೋಡಿದರೆ ಚಿಕ್ಕಮ್ಮ ಹಿಟ್ಟು ಲಟ್ಟಿಸುತ್ತಿದ್ದಾರೆ. ಕೈಯಲ್ಲಿ ನಡುವೆ ಸವೆದ ಲಟ್ಟಣಿಗೆ.

“ಚಿಕ್ಕಮ್ಮ, ಇದು ನಿಮಗೆಲ್ಲಿ ಸಿಕ್ತು?”

“ಗುರುವಾರ ನಿನ್ನ ಬ್ಯಾಗಲ್ಲೇ ಇತ್ತಲ್ಲೇ. ಒಂದು ಲಟ್ಟಣಿಗೆ ತಾ, ಒಂದು ಲಟ್ಟಣಿಗೆ ತಾ ಅಂತ ಹೇಳಿ ಹೇಳಿ ನನ್ನ ನಾಲಿಗೆ ಸವೆದಿತ್ತು. ಅಂತೂ ತಂದಳಲ್ಲ ಪುಣ್ಯಾತ್ಗಿತ್ತಿ ಅಂತ ತೊಳೆದು ಒಣಗಿಸಿ ಇಟ್ಟಿದ್ದೆ. ಕೈಗೆ ಹೇಳಿ ಮಾಡಿಸಿದ ಹಾಗಿದೆ ನೋಡು.”

ಅವಳು ಬಾಗಿಲು ಹಿಡಿದು ನಿಂತಳು. ಈಗ ಎಲ್ಲ ನೆನಪಾಯಿತು. ಅವನು ಅವಳ ಕೈಗೇ ಕೊಟ್ಟಿದ್ದ. ಗಂಟು ಆಗಲೇ ಕಟ್ಟಿಯಾಗಿತ್ತು, ಹಾಗೇ ಬ್ಯಾಗಿನೊಳಗೆ ತುರುಕಿದ್ದಳು. ಅವನ ಕೈ ನೋಡುವ ಭರದಲ್ಲಿ ತನ್ನ ಕೈ ಏನು ಮಾಡುತ್ತಿದೆ ಎಂದು ನೋಡಿರಲಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಅದನ್ನು ಅವನು ಕಣ್ಣಾರೆ ಕಂಡಿದ್ದ, ಕಂಡೂ ಕಳ್ಳನ ಪಟ್ಟ ಹೊತ್ತುಕೊಂಡು ಹೋಗಿದ್ದ.

ಹಿಟ್ಟು ಮೆತ್ತಿದ ಲಟ್ಟಣಿಗೆಯನ್ನು ಕಸಿದುಕೊಂಡು ಓಡಿದಳು. ಮೊದಲು ತಾತನ ಮನೆ. ಬಾಗಿಲಲ್ಲೇ ನಿಂತು, ದಿನಾ ಗಂಟು ಒಯ್ಯುತ್ತಿದ್ದುದನ್ನೂ ಸೇರಿಸಿ, ಎಲ್ಲವನ್ನೂ ಒಪ್ಪಿಕೊಂಡಳು. ತಾತ ಅದನ್ನು ಮೂಗಿನ ಹತ್ತಿರ ಹಿಡಿದರು. ಕಣ್ಣು ತುಂಬಿ ಬಂತು.

“ಎಷ್ಟು ವರ್ಷ ಆಗಿತ್ತಮ್ಮ ಇದಕ್ಕೆ ಹಿಟ್ಟು ತಾಗಿ. ನಿಮ್ಮ ಚಿಕ್ಕಮ್ಮನಿಗೆ ಹೇಳು, ಬೇಕಾದಾಗ ತಗೊಂಡು ಹೋಗಲಿ.”

ಅಲ್ಲಿಂದಲೇ ಡೈರೆಕ್ಟರಿಗೆ ಫೋನ್ ಮಾಡಿದಳು. ಬೈಗುಳದ ಸುರಿಮಳೆ. ಕೆಲಸ ಹೋಯಿತೆಂದೇ ಅವಳು ಅಂದುಕೊಂಡಳು. ಅರ್ಧದಲ್ಲಿ ತಾತ ಫೋನ್ ಕಿತ್ತುಕೊಂಡು, ಕೋಣೆ ಮುಚ್ಚಿದರೆ ಶಟರ್ ಮುಂದೆ ಚಾಪೆ ಹಾಸಿ ಮಲಗುತ್ತೇನೆ ಎಂದರು. ಕೊನೆಗೆ ಡೈರೆಕ್ಟರ್ ತೀರ್ಪು ಕೊಟ್ಟರು: ಕೋಣೆ ತೆರೆದಿರಲಿ, ಆದರೆ ಇವಳನ್ನು ಇನ್ನು ದೊಡ್ಡ ಕಟ್ಟಡದ ಕಾವಲಿಗೆ ಹಾಕುವುದಿಲ್ಲ, ಇಲ್ಲೇ ಬಿದ್ದಿರಲಿ. ಅವಳಿಗೆ ಅದು ಶಿಕ್ಷೆ ಎನಿಸಲಿಲ್ಲ.

ಪೇಂಟರನ ವರ್ಕ್‌ಶಾಪ್ ಹಿಂದಿನ ಓಣಿಯಲ್ಲಿತ್ತು. ಅವನು ನೆಲದ ಮೇಲೆ ಕೂತು ಯಾವುದೋ ಡೆಂಟಿಸ್ಟ್ ಬೋರ್ಡಿಗೆ ಬಣ್ಣ ಹಚ್ಚುತ್ತಿದ್ದ. ಅವಳನ್ನು ನೋಡಿ ಎದ್ದ. ಮೊಣಕೈವರೆಗೆ ನೀಲಿ.

“ಯಾಕೆ ಸುಳ್ಳು ಹೇಳಿದ್ರಿ?”

“ನೀವು ಬ್ಯಾಗಿಗೆ ಹಾಕಿದ್ದು ನೋಡಿದ್ದೆ. ವಾಪಸ್ ತರ್ತೀರ ಅಂತ ಗೊತ್ತಿತ್ತು.”

“ಹೇಗೆ ಗೊತ್ತು? ನಾನು ನಿಮ್ಮನ್ನ ಒಂದು ದಿನಾನೂ ನಂಬಲಿಲ್ಲ.”

“ಇಬ್ಬರಲ್ಲಿ ಒಬ್ಬರಾದ್ರೂ ನಂಬಬೇಕಲ್ವಾ.”

ಅವಳು ತಲೆ ತಗ್ಗಿಸಿ ಕ್ಷಮೆ ಕೇಳಿದಳು. ಆದರೂ ಹುಟ್ಟುಗುಣ ಎಲ್ಲಿ ಹೋಗುತ್ತದೆ? ಆ ಅಕ್ಷರಗಳ ಸಂಚೇನು ಎಂದೂ ಕೇಳಿಬಿಟ್ಟಳು. ಅವನು ಜೇಬಿನಿಂದ ಇನ್ನೆರಡು ತೆಗೆದು ತೋರಿಸಿದ: ‘ಬ’, ‘ಅಂ’.

“‘ಬಟ್ಟೆ ಅಂಗಡಿ’. ಮುಚ್ಚಿಹೋದ ಅಂಗಡಿಯ ಬೋರ್ಡು. ಹೊಸ ವಸ್ತು ಬರದಿದ್ರೆ ನಿಮ್ಮ ಕೋಣೆ ಮುಚ್ಚಿಬಿಡ್ತಾರೇನೋ ಅಂತ ಭಯ. ಆಮೇಲೆ ನಿಮ್ಮನ್ನ ಎಲ್ಲಿ ನೋಡೋದು? ಇರೋದು ಐದೇ ಅಕ್ಷರ, ಅದಕ್ಕೇ ಉಳಿಸಿ ಉಳಿಸಿ ಇಡ್ತಿದ್ದೆ.”

ಈ ಸಲ ನಗು ಗಂಟಲಲ್ಲಿ ನಿಲ್ಲಲಿಲ್ಲ. ಕಣ್ಣೀರೂ ಜೊತೆಗೇ ಬಂತು. ಅವಳು ಒಂದು ಹೆಜ್ಜೆ ಮುಂದೆ ಬಂದು ಕೈ ಚಾಚಿದಳು. ಅವನು ಗಾಬರಿಯಿಂದ ಎರಡೂ ಕೈ ಹಿಂದಕ್ಕೆ ಎಳೆದುಕೊಂಡ.

“ಮುಟ್ಟಬೇಡಿ! ಬಣ್ಣ ಹಸಿ ಇದೆ.”

“ಆ ಮಾತು ನನ್ನದು,” ಎಂದು ಅವಳು ಅವನ ಕೈ ಹಿಡಿದಳು. ತಣ್ಣಗಿತ್ತು, ಅಂಟುತ್ತಿತ್ತು. “ಕೈಕೊಡಲ್ಲ ತಾನೇ?”

“ಹಿಡಿದಿರೋದು ನೀವು. ಇನ್ನು ಬಿಡಿಸ್ಕೊಳ್ಳೋಕೆ ನನಗೆ ಬರಲ್ಲ.”

ಮನೆಗೆ ಬಂದಾಗ ಚಿಕ್ಕಮ್ಮ ಅರ್ಧ ಲಟ್ಟಿಸಿದ ಹಿಟ್ಟಿನ ಮುಂದೆ ಹಾಗೇ ಕೂತಿದ್ದರು. ಅವಳ ಅಂಗೈ ತುಂಬ ನೀಲಿ, ಅದರಲ್ಲಿ ಇನ್ನೊಂದು ಕೈಯ ಬೆರಳಿನ ಗುರುತು. ಚಿಕ್ಕಮ್ಮ ಅಂಗೈ ನೋಡಿದರು, ಮುಖ ನೋಡಿದರು, ಎಲ್ಲ ತಿಳಿಯಿತು. ತಿಳಿದರೂ ತಿಳಿಯದವರಂತೆ, ಸೀಮೆಎಣ್ಣೆ ಹಚ್ಚಿದರೆ ಹೋಗುತ್ತದೆ ಕೊಡಿಲ್ಲಿ ಎಂದು ಸೆರಗು ಹಿಡಿದು ಒರೆಸಲು ಬಂದರು.

ಅವಳು ಕೈಯನ್ನು ಎದೆಗೊತ್ತಿಕೊಂಡಳು.

“ಮುಟ್ಟಬೇಡಿ,” ಎಂದಳು.