ಟೈರ್ ನೀರಿನ ಸರದಿ

“ಇವತ್ತು ನಿನ್ನ ಸರದಿ ಕಣೇ!” ಅಕ್ಕ ಬಕೆಟನ್ನು ಕುಕ್ಕಿದಳು.

“ನಾನು ಹೋಗಲ್ಲ. ಸೊಳ್ಳೆ ಕಚ್ಚುತ್ತೆ. ನಿಂಗೇನು, ಹೋದ ವರ್ಷವೇ ಡೆಂಗಿ ಬಂದು ಹೋಗಿದೆ. ಚಿಕನ್‌ಪಾಕ್ಸ್ ಥರ, ಒಂದೇ ಸಲ!”

ತಂಗಿಯನ್ನು ಮನೆಯಲ್ಲಿ ಪಟಾಕಿ ಎಂದು ಕರೆಯುತ್ತಿದ್ದದ್ದು ಸುಮ್ಮನೆ ಅಲ್ಲ. ಓದುವುದು ಐದನೇ ಕ್ಲಾಸು, ಬಾಯಿ ಮಾತ್ರ ಬಲು ಜೋರು.

ಅಪ್ಪನದು ಪಂಕ್ಚರ್ ಅಂಗಡಿ. ಹಿಂದುಗಡೆ ಹಳೆಯ ಟೈರುಗಳ ರಾಶಿ. ಮಳೆ ಬಂದರೆ ಒಂದೊಂದರಲ್ಲೂ ನೀರು ನಿಲ್ಲುತ್ತದೆ. ಸ್ಕೂಲಿನಿಂದ ಬಂದಮೇಲೆ ಅದನ್ನು ಚೆಲ್ಲುವುದು ಮಕ್ಕಳ ಕೆಲಸ. ಒಂದು ದಿನ ಅಕ್ಕ, ಒಂದು ದಿನ ಪಟಾಕಿ.

ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ಹುಡುಕುತ್ತಿದ್ದ ಅಪ್ಪ ತಲೆಯೆತ್ತಲಿಲ್ಲ. “ಅವಳು ಹೇಳೋದೂ ಸರೀನೇ. ನೀನೇ ಹೋಗಮ್ಮ ದೊಡ್ಡವಳೇ. ಚಿಕ್ಕದಕ್ಕೆ ಬಂದ್ರೆ ಕಷ್ಟ.”

ಅಕ್ಕ ಮುಖ ಊದಿಸಿಕೊಂಡು ಹೋದಳು. ಪಟಾಕಿ ಹಿಂದಿನಿಂದ ಅಣಕಿಸಿದಳು. ಆ ಮಳೆಗಾಲದಲ್ಲಿ ಅವಳ ಸರದಿ ಮತ್ತೆ ಬರಲೇ ಇಲ್ಲ.

ಒಂದು ದಿನ ಅಕ್ಕನಿಗೆ ಜ್ವರ ಬಂತು. “ಡೆಂಗಿ ಅಂತೂ ಅಲ್ಲ, ಅದು ಬಂದಾಗಿದೆಯಲ್ಲ,” ಎಂದು ಅಪ್ಪ ಜ್ವರದ ಮಾತ್ರೆ ತಂದುಕೊಟ್ಟ. ನಾಲ್ಕನೇ ದಿನ ಜ್ವರ ಇಳಿಯಿತು. ಅಮ್ಮ ಉಸ್ಸಪ್ಪಾ ಎಂದಳು. ಅಂದೇ ಸಂಜೆ ಅಕ್ಕ ಹೊಟ್ಟೆ ಹಿಡಿದುಕೊಂಡು ಮುದುಡಿ ಮಲಗಿದಳು. ವಸಡಿನಿಂದ ರಕ್ತ ಬಂತು. ಎಲ್ಲರೂ ಆಟೋದಲ್ಲಿ ಆಸ್ಪತ್ರೆಗೆ ಓಡಿದರು.

“ಮುಂಚೆ ಯಾವಾಗಾದ್ರೂ ಡೆಂಗಿ ಬಂದಿತ್ತಾ?” ಡಾಕ್ಟರಮ್ಮ ಕೇಳಿದರು.

“ಹೋದ ವರ್ಷ ಬಂದಿತ್ತು ಮೇಡಂ,” ಎಂದ ಅಪ್ಪ. “ವಾರದಲ್ಲಿ ಎದ್ದು ಓಡಾಡಿದ್ಲು. ಅದಕ್ಕೇ ಮತ್ತೆ ಬರಲ್ಲ ಅಂದ್ಕೊಂಡ್ವಿ.”

“ಅಯ್ಯೋ, ಡೆಂಗಿ ವೈರಸ್‌ನಲ್ಲೇ ನಾಲ್ಕು ಥರ ಇದೆ. ಒಂದು ಥರ ಬಂದು ಹೋದವರಿಗೆ ಇನ್ನೊಂದು ಬಂದ್ರೆ ಅಪಾಯ ಜಾಸ್ತಿ. ಇವಳನ್ನೇ ಹೆಚ್ಚು ಹುಷಾರಾಗಿ ನೋಡ್ಕೋಬೇಕಿತ್ತು. ಎರಡು ದಿನ ಏನೂ ಹೇಳಕ್ಕಾಗಲ್ಲ.”

ಅಪ್ಪ ಗ್ರೀಸ್ ಮೆತ್ತಿದ ಕೈಯಲ್ಲೇ ಮುಖ ಮುಚ್ಚಿಕೊಂಡ. ಪಟಾಕಿಗೆ ಅಪ್ಪನ ಮೇಲೆ ಕೆಟ್ಟ ಸಿಟ್ಟು ಬಂತು. ಆಮೇಲೆ, ಒಂದೇ ಸಲ ಬರೋದು ಎಂಬ ಮಾತನ್ನು ಮೊದಲು ಆಡಿದ್ದು ಯಾರು ಎಂದು ನೆನಪಾಯಿತು.

ಮಾರನೇ ದಿನ ಅವಳನ್ನು ಐದು ನಿಮಿಷ ಒಳಗೆ ಬಿಟ್ಟರು. ಅಕ್ಕನ ಎರಡೂ ಕೈಗೆ ಡ್ರಿಪ್ ಹಾಕಿದ್ದರು.

“ಯಾಕೇ ಪಟಾಕಿ, ಠುಸ್ ಆಗಿದೀಯಾ?” ಅಕ್ಕನ ದನಿ ಸರಿಯಾಗಿ ಕೇಳಿಸುತ್ತಲೂ ಇರಲಿಲ್ಲ. “ಸದ್ಯ, ನೀನು ಟೈರ್ ಹತ್ರ ಹೋಗ್ಲಿಲ್ಲ. ನಂಗೇ ಇಷ್ಟು ಕಷ್ಟ ಆಗ್ತಿದೆ. ನಿಂಗೆ ಬಂದಿದ್ರೆ ತಡ್ಕೊಳ್ತಿದ್ಯಾ?”

ಪಟಾಕಿ ಮಂಚದ ಕಂಬಿಯನ್ನು ಬಿಗಿಯಾಗಿ ಹಿಡಿದುಕೊಂಡಳು. ತನಗೆ ಬಂದಿದ್ದರೆ ಅದು ಮೊದಲನೇ ಸಲವಾಗುತ್ತಿತ್ತು. ಹೋದ ವರ್ಷದ ಅಕ್ಕನ ಹಾಗೆ ಒಂದು ವಾರ ಮಲಗಿ ಎದ್ದುಬಿಡುತ್ತಿದ್ದಳೇನೋ.

ಅಕ್ಕನಿಗೆ ಅದನ್ನು ಇನ್ನೂ ಯಾರೂ ಹೇಳಿರಲಿಲ್ಲ.