ಕಾಳುಮೆಣಸು ಹಾಕುವ ಮುಂಚೆ

ಪುಸ್ತಕ ಇರಲಿಲ್ಲ.

ಅಕ್ಕ ಅಡುಗೆಮನೆಯ ಉದ್ದನೆಯ ಮೇಜಿನ ಡ್ರಾಯರನ್ನು ಪೂರ್ತಿ ಹೊರಗೆಳೆದಳು. ಲಟ್ಟಣಿಗೆ, ದಾರದ ಉಂಡೆ, ಮೊಂಡಾದ ಎರಡು ಚಾಕು. ಪುಸ್ತಕವನ್ನು ಸುತ್ತಿಡುತ್ತಿದ್ದ ಪ್ಲಾಸ್ಟಿಕ್ ಕವರ್ ಎಂದಿನ ಜಾಗದಲ್ಲೇ ಇತ್ತು. ಮುಟ್ಟಿದರೆ ತೆಳ್ಳಗೆ.

ಎಂಟು ಮೇಜಿನ ಆ ಊಟದ ಮನೆಗೆ ಬರುವವರೆಲ್ಲ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಹೊರಗಿನ ಬೋರ್ಡಿನ ಮೇಲೆ ‘ಅಮ್ಮನ ಕೈರುಚಿ’ ಎಂದಿತ್ತು. ಒಂದು ದಿನ ಕುರಿಮಾಂಸದ ಸ್ಟ್ಯೂ, ಒಂದು ದಿನ ಒಲೆಯಲ್ಲಿ ಬೇಯಿಸಿದ ಪಾಸ್ತಾ, ಇನ್ನೊಂದು ದಿನ ಕುಂಬಳಕಾಯಿ ಸೂಪು. ಎಲ್ಲವೂ ಅಮ್ಮನ ಕೈಬರಹದ ಆ ಪುಸ್ತಕದಿಂದ ಬಂದವು. ಅಮ್ಮನ ಫೋಟೊ ಹಾಕಿ, ಅದೇ ಹೆಸರಿನಲ್ಲಿ ಅಚ್ಚು ಹಾಕಿಸಲು ಪ್ರಕಾಶಕರು ಒಪ್ಪಿದ್ದರು. ಪುಸ್ತಕ ತೆಗೆದುಕೊಂಡು ಹೋಗಲು ನಾಳೆ ಬೆಳಿಗ್ಗೆ ಬರುವವರಿದ್ದರು.

ಅಕ್ಕ ಒಲೆ ಸಣ್ಣ ಮಾಡಿ ನೇರ ಮಹಡಿ ಹತ್ತಿದಳು.

ಮಹಡಿಯ ಬಾಡಿಗೆ ಮನೆಯಲ್ಲಿದ್ದವರು ನಿವೃತ್ತ ಆಹಾರ ಇನ್ಸ್‌ಪೆಕ್ಟರ್. ಮೂವತ್ತು ವರ್ಷ ಹೋಟೆಲುಗಳ ಅಡುಗೆಮನೆ ಜಾಲಾಡಿದ ಹೆಂಗಸು. ಬೀದಿಯವರೆಲ್ಲ ಇನ್ಸ್‌ಪೆಕ್ಟರಮ್ಮ ಎಂದೇ ಕರೆಯುತ್ತಿದ್ದರು. ಅವರು ಕೆಳಗಿಳಿದು ಬಂದು, ಮೊದಲು ಕೈ ತೊಳೆದುಕೊಂಡು, ಆಮೇಲೆ ಡ್ರಾಯರ್ ಮುಟ್ಟಿದರು.

“ಕೊನೇ ಸಲ ಯಾವಾಗ ನೋಡಿದ್ದು?”

“ನಿನ್ನೆ ಮಧ್ಯಾಹ್ನ ಎರಡು ಗಂಟೆಗೆ. ಪ್ರಕಾಶಕರಿಗೆ ತೋರಿಸೋಕೆ ಅಂತ ಒಂದು ಪುಟದ ಫೋಟೊ ತೆಗೆದೆ. ಆಮೇಲೆ ನಾನೇ ಇಟ್ಟೆ.”

“ಅದಾದ ಮೇಲೆ ಅಡುಗೆಮನೆಗೆ ಯಾರ್ಯಾರು ಬಂದ್ರು?”

“ನನ್ನ ತಮ್ಮ ಗ್ಯಾಸ್ ಸಿಲಿಂಡರ್ ಬದಲಾಯಿಸೋಕೆ ಬಂದಿದ್ದ. ಅವನ ಹೆಂಡತಿ ಹಿಟ್ಟು ನಾದಿಟ್ಟು ಹೋದ್ಲು. ಅಮ್ಮ ಟೀ ಕುಡಿಯೋಕೆ ಬಂದ್ರು. ಅಮ್ಮನ್ನ ಬಿಡಿ.”

“ಯಾಕೆ ಬಿಡಬೇಕು?”

“ಪುಸ್ತಕ ಅವರದೇ ಅಲ್ವಾ? ತಮ್ಮದನ್ನ ತಾವೇ ಕದೀತಾರಾ?”

ಇನ್ಸ್‌ಪೆಕ್ಟರಮ್ಮ ಕವರನ್ನು ಮೇಜಿನ ಮೇಲೆ ಬೋರಲು ಹಾಕಿದರು. ಒಂದಿಷ್ಟು ಬಿಡಿ ಚೀಟಿಗಳು ಜಾರಿ ಬಿದ್ದವು.

“ಇವೆಲ್ಲ ಏನು?”

“ಪುಸ್ತಕದ ಮಧ್ಯೆ ಸಿಕ್ಕಿಸಿಟ್ಟಿದ್ದು. ಇದು ನಾನು ಬರೆದ ಫ್ರೈಡ್ ರೈಸು. ಇದು ತಮ್ಮನ ಹೆಂಡತಿಯ ತಾಯಿ ಹೇಳಿದ ನೂಡಲ್ಸ್ ಸೂಪು. ಇವು ಪೇಪರಿನಿಂದ ಕತ್ತರಿಸಿದ್ದು.”

ತಮ್ಮನನ್ನು ಕರೆಸಿದರು. ಅವನು ಬಾಗಿಲಿಗೆ ಒರಗಿ ನಿಂತ.

“ಈ ಅಡುಗೆಗಳನ್ನ ಮಾರೋಕೆ ಪ್ಯಾಕೆಟ್ ಊಟದ ಕಂಪನಿಯವರ ಹತ್ರ ಮಾತಾಡಿದ್ದೆಯಂತೆ?” ಎಂದು ಕೇಳಿದರು ಇನ್ಸ್‌ಪೆಕ್ಟರಮ್ಮ.

“ಮಾತಾಡಿದ್ದೆ. ಅಕ್ಕ ಬೇಡ ಅಂದ್ಲು, ಬಿಟ್ಟೆ.”

“ಮನಸ್ಸಿನಿಂದಾನೂ ಬಿಟ್ಟೆಯಾ?”

“ಇಲ್ಲ,” ಎಂದ ಅವನು. “ಆದ್ರೆ ಅಮ್ಮನ ಪುಸ್ತಕ ಕದಿಯೋಷ್ಟು ಕೆಟ್ಟವನಲ್ಲ ನಾನು. ಹಾಗಂತ ಇವಳು ಅಂದುಕೊಂಡಿದ್ರೆ ಮುಖಕ್ಕೇ ಹೇಳಲಿ.”

ಅಕ್ಕ ತಲೆ ತಗ್ಗಿಸಿದಳು. ಒಂದು ಗಳಿಗೆ ಅವಳು ಹಾಗೆ ಅಂದುಕೊಂಡದ್ದು ನಿಜ.

ಅವನ ಹೆಂಡತಿ ಸೆರಗಿಗೇ ಕೈ ಒರೆಸಿಕೊಳ್ಳುತ್ತ ಬಂದಳು. ಕೇಳುವ ಮುಂಚೆಯೇ ಹೇಳಿದಳು. “ನನಗೆ ಬೇಜಾರಿತ್ತು. ನಮ್ಮಮ್ಮನ ನೂಡಲ್ಸ್ ಸೂಪು ಕೇಳಿಕೊಂಡು ಜನ ಬರ್ತಾರೆ. ಪುಸ್ತಕದಲ್ಲಿ ಅದೂ ಅತ್ತೆ ಹೆಸರಲ್ಲೇ ಬರುತ್ತಾ ಅಂತ ಅತ್ತಿಗೇನ ಕೇಳಿದೆ. ಒಂದೇ ಮನೆ ತಾನೇ ಅಂದ್ರು.”

“ಯಾವಾಗ ಕೇಳಿದ್ದು?”

“ಹೋದ ವಾರ. ಊಟ ಮಾಡ್ತಿದ್ವಿ, ಅತ್ತೇನೂ ಇದ್ರು. ಅವರು ಅರ್ಧ ಊಟಕ್ಕೇ ಎದ್ದು ಹೋದ್ರು.”

ಇನ್ಸ್‌ಪೆಕ್ಟರಮ್ಮನ ಹುಬ್ಬು ಕೊಂಚ ಮೇಲೇರಿತು. “ಆ ಫೋಟೊ ತೋರಿಸು,” ಎಂದರು ಅಕ್ಕನಿಗೆ.

ಫೋನಿನಲ್ಲಿ ಪುಟ ತೆರೆದುಕೊಂಡಿತು. ಎಣ್ಣೆ ಕಲೆ ಬಿದ್ದ ಕಾಗದ, ಎಡಕ್ಕೆ ವಾಲಿದ ಅಕ್ಷರ. ಅಕ್ಕ ಅದನ್ನು ನೋಡದೆಯೇ ಒಪ್ಪಿಸಬಲ್ಲಳು. ಮಾಂಸ ಕೆಂಪಗಾಗುವವರೆಗೆ ಹುರಿ. ಈರುಳ್ಳಿ, ಕ್ಯಾರೆಟ್ ಆಮೇಲೆ. ಸಣ್ಣ ಉರಿಯಲ್ಲಿ ಎರಡು ಗಂಟೆ.

ಇನ್ಸ್‌ಪೆಕ್ಟರಮ್ಮ ಕೊನೆಯ ಸಾಲನ್ನು ಜೋರಾಗಿ ಓದಿದರು. “‘ಕಾಳುಮೆಣಸು ಹಾಕುವ ಮುಂಚೆ ಅಮ್ಮಾವ್ರಿಗೆ ಒಂದು ಬಟ್ಟಲು ತೆಗೆದಿಡಬೇಕು. ಅವರಿಗೆ ಆಗದು.’ ಈ ಅಮ್ಮಾವ್ರು ಯಾರು?”

“ಅಜ್ಜಿ ಇರಬೇಕು. ಅಮ್ಮ ತಮ್ಮ ಅತ್ತೇನ ಹಾಗೆ ಕರೀತಿದ್ರೇನೋ.”

“ಅಜ್ಜಿಗೆ ಕಾಳುಮೆಣಸು ಆಗ್ತಿರಲಿಲ್ವಾ?”

“ನನಗೇನು ಗೊತ್ತು? ನಾನು ಹುಟ್ಟೋ ಮುಂಚೆ ಹೋದವರು.”

“ಈ ಮನೇಲಿ ಕಾಳುಮೆಣಸು ಯಾರಿಗೆ ಆಗಲ್ಲ?”

ಅಕ್ಕ ಹಿಂದಕ್ಕೆ ತಿರುಗಿದಳು. ಒಲೆಯ ಪಕ್ಕದಲ್ಲಿ, ತಟ್ಟೆ ಮುಚ್ಚಿದ ಸ್ಟೀಲ್ ಬಟ್ಟಲೊಂದಿತ್ತು. ಅರ್ಧ ಗಂಟೆಯ ಹಿಂದೆ ಅವಳೇ ತೆಗೆದಿಟ್ಟದ್ದು. ಕಾಳುಮೆಣಸು ತಿಂದರೆ ಅಮ್ಮನಿಗೆ ಗಂಟಲು ಕಟ್ಟಿ ಮೈಯೆಲ್ಲ ದದ್ದು ಏಳುತ್ತಿತ್ತು. ಅಡುಗೆಗೆ ಕೈ ಹಚ್ಚಿದ ದಿನದಿಂದ ಅಕ್ಕ ಆ ಬಟ್ಟಲು ತೆಗೆದಿಡುತ್ತಲೇ ಬಂದಿದ್ದಳು. ಉಸಿರಾಡುವುದನ್ನು ಯಾರು ಗಮನಿಸುತ್ತಾರೆ?

“ಅಮ್ಮನಿಗೆ,” ಎಂದಳು ಮೆಲ್ಲಗೆ.

“ಅಲ್ಲಿಗೆ, ಈ ಅಮ್ಮಾವ್ರು ನಿಮ್ಮಮ್ಮನೇ. ತನ್ನನ್ನ ತಾನೇ ಯಾರಾದ್ರೂ ಅಮ್ಮಾವ್ರು ಅಂತ ಬರ್ಕೋತಾರಾ?” ಇನ್ಸ್‌ಪೆಕ್ಟರಮ್ಮ ಫೋನನ್ನು ಮೇಜಿನ ಮೇಲಿಟ್ಟರು. “ಇದು ಅವರ ಬರಹ ಅಲ್ಲ. ಈ ಮನೇಲಿ ಕೆಲಸಕ್ಕಿದ್ದ ಯಾರೋ ಬರೆದದ್ದು. ಅಮ್ಮನ ಅಕ್ಷರ ನೀನು ನೋಡಿದ್ದೀಯಾ?”

ನೋಡಿರಲಿಲ್ಲ. ಬ್ಯಾಂಕಿನ ಕಾಗದದ ಮೇಲಿನ ಸಹಿಯೊಂದನ್ನು ಬಿಟ್ಟರೆ.

“ಈಗ ಈ ಚೀಟಿಗಳನ್ನ ನೋಡು. ನಿನ್ನ ತಮ್ಮ ಕಂಪನಿಗೆ ಕೊಡೋಕೆ ಅಂತ ಒಯ್ದಿದ್ರೆ ನೂಡಲ್ಸ್ ಸೂಪನ್ನ ಬಿಟ್ಟು ಹೋಗ್ತಿದ್ನಾ? ಅವನ ಹೆಂಡತಿ ಆಗಿದ್ರೆ ತನ್ನ ತಾಯಿ ಚೀಟಿ ಒಂದನ್ನೇ ಒಯ್ತಿದ್ಲು. ಇದನ್ನ ತೆಗೆದವರು ನಿಧಾನವಾಗಿ ಕೂತು, ನಿಮ್ಮ ಮನೆಯ ಚೀಟಿ ಒಂದೊಂದೂ ಹೊರಗೆ ತೆಗೆದು ನೇರ ಮಾಡಿ ಇಟ್ಟಿದ್ದಾರೆ. ಬರೀ ಪುಸ್ತಕ ಒಯ್ದಿದ್ದಾರೆ. ಕಳ್ಳರು ಹೀಗೆ ವಿಂಗಡಿಸಲ್ಲ. ಇನ್ನೊಬ್ಬರ ವಸ್ತು ವಾಪಸ್ ಕೊಡೋಕೆ ಹೊರಟವರು ಹೀಗೆ ಮಾಡ್ತಾರೆ. ಕಳ್ಳತನ ಆಗಿದ್ದು ನಿನ್ನೆ ಅಲ್ಲ, ಅಕ್ಕಯ್ಯ. ತುಂಬಾ ಹಿಂದೆ.”

ತಮ್ಮ ಬಾಗಿಲಿನಿಂದ ಪಕ್ಕಕ್ಕೆ ಸರಿದ. ಅವನ ಹಿಂದೆ ಅಮ್ಮ ನಿಂತಿದ್ದರು. ಎದೆಗೆ ಅವಚಿಕೊಂಡ ಬಟ್ಟೆಯ ಚೀಲದಲ್ಲಿ ಪುಸ್ತಕದ ಚೌಕ ಆಕಾರ ಕಾಣುತ್ತಿತ್ತು.

“ಅವರು ಹೇಳಿದ್ದು ಸರಿ,” ಎಂದರು ಅಮ್ಮ. “ಕದ್ದವಳು ನಾನೇ. ಆಗಲೂ, ಈಗಲೂ.”

ತಮ್ಮನ ಹೆಂಡತಿ ಸ್ಟೂಲು ಎಳೆದು ಕೊಟ್ಟಳು. ಅಮ್ಮ ಕೂರಲಿಲ್ಲ.

“ಇದನ್ನ ಬರೆದವಳನ್ನ ಉದ್ದಕ್ಕ ಅಂತ ಕರೀತಿದ್ವಿ. ಎತ್ತರದ ಆಳು. ಆರು ವರ್ಷ ಅಡುಗೆ ಮಾಡಿದ್ಲು. ಕೆಲಸ ಮಾಡಿದ ಒಂದೊಂದು ಮನೆಯಲ್ಲೂ ಕಲಿತದ್ದನ್ನ ಅದರಲ್ಲಿ ಬರೆದಿಟ್ಟುಕೊಂಡಿದ್ಲು. ಒಂದು ದಿನ ಊಟ ತಡ ಆಯ್ತು ಅಂತ ನಿಮ್ಮಪ್ಪ ರೇಗಿದ್ರು, ಅವಳೂ ಎದುರು ಮಾತಾಡಿದ್ಲು. ನಿಂತ ನಿಲುವಿನಲ್ಲೇ ಬಿಡಿಸಿಬಿಟ್ರು. ಪುಸ್ತಕ ಇಲ್ಲೇ ಉಳೀತು. ನಾಲ್ಕು ದಿನ ಬಿಟ್ಟು ಕೇಳೋಕೆ ಬಂದ್ಲು. ನಾನು ನೋಡಿಲ್ಲ ಅಂದೆ.”

“ಯಾಕಮ್ಮ?”

“ನನಗೆ ಒಂದು ಮೊಟ್ಟೆ ಬೇಯಿಸೋಕೂ ಬರ್ತಿರಲಿಲ್ಲ ಮಗಳೇ. ನೀನು ಕಂಕುಳಲ್ಲಿದ್ದೆ. ನಿಮ್ಮಪ್ಪ ಮೂರು ಹೊತ್ತೂ ತಟ್ಟೆ ತಳ್ಳಿ ಏಳ್ತಿದ್ರು.” ಅಮ್ಮ ಚೀಲವನ್ನು ಇನ್ನೂ ಬಿಗಿಯಾಗಿ ಹಿಡಿದರು. “ಆಮೇಲೆ ಎಲ್ಲರೂ ನನ್ನ ಕೈರುಚಿ ಅಂದ್ರು. ಬೋರ್ಡು ಹಾಕಿದಾಗಲೂ ಸುಮ್ಮನಿದ್ದೆ. ಹೋದ ವಾರ ಇವಳು ತನ್ನ ತಾಯಿ ಹೆಸರು ಕೇಳಿದ್ಲಲ್ಲ, ಆಗ ಅನ್ನ ಇಳೀಲಿಲ್ಲ. ಉದ್ದಕ್ಕ ಮಾರ್ಕೆಟ್ಟಿನ ಹಿಂದೆ ಮೊಮ್ಮಗಳ ಜೊತೆ ಇದ್ದಾಳೆ ಅಂತ ತರಕಾರಿಯವಳು ಹೇಳಿದ್ಲು. ನಿನ್ನೆ ಸಂಜೆ ಬಾಗಿಲವರೆಗೂ ಹೋದೆ. ತಟ್ಟೋಕೆ ಕೈ ಬರಲಿಲ್ಲ.”

ಅಕ್ಕನಿಗೆ ಸಿಟ್ಟು ಬರಬೇಕಿತ್ತು. ಅದು ಬರದೆ, ಇಷ್ಟು ವರ್ಷ ಗಿರಾಕಿಗಳು ಹೊಗಳಿದಾಗ ತಾನು ಬೀಗಿದ್ದೆಲ್ಲ ಒಂದೊಂದಾಗಿ ನೆನಪಿಗೆ ಬಂತು. ಅವಳು ತಮ್ಮನ ಮುಖ ನೋಡಿದಳು. “ತಪ್ಪಾಯ್ತು ಕಣೋ,” ಎಂದಳು. ಆಮೇಲೆ ಏಪ್ರನ್ ಬಿಚ್ಚಿ ಅವನ ಹೆಂಡತಿಯ ಕೈಗೆ ಕೊಟ್ಟಳು. “ಇವತ್ತು ಒಲೆ ನಿಂದು. ನೂಡಲ್ಸ್ ಸೂಪು ಮಾಡು. ಇವತ್ತಿನ ಊಟದ ಬೋರ್ಡಿನ ಮೇಲೆ ನಿಮ್ಮಮ್ಮನ ಹೆಸರು ಬರಿ.”

ಅಮ್ಮನನ್ನು ಕರೆದುಕೊಂಡು ಹೋಗಿ, ಮಾರ್ಕೆಟ್ಟಿನ ಹಿಂದಿನ ಬೀದಿಯಲ್ಲಿ ನೀಲಿ ಬಾಗಿಲನ್ನು ತಟ್ಟಿದವಳು ಅಕ್ಕ. ಮೊಮ್ಮಗಳು ಒಳಗೆ ಕರೆದಳು. ಕಿಟಕಿ ಪಕ್ಕದ ಕುರ್ಚಿಯಲ್ಲಿ ಮುದುಕಿ ಕೂತಿದ್ದಳು. ಕೂತಿದ್ದರೂ ಎತ್ತರ ಗೊತ್ತಾಗುತ್ತಿತ್ತು.

ಅಮ್ಮ ಪುಸ್ತಕವನ್ನು ಅವಳ ಮಡಿಲಲ್ಲಿಟ್ಟರು. “ಅವತ್ತು ಸುಳ್ಳು ಹೇಳಿದೆ. ನನ್ನ ಹತ್ರಾನೇ ಇತ್ತು.”

“ಗೊತ್ತಿತ್ತು,” ಎಂದಳು ಉದ್ದಕ್ಕ. “ನಿಮ್ಮ ಹಿಂದೆ ಅಕ್ಕಿ ಡಬ್ಬದ ಮೇಲೆ ಬಟ್ಟೆ ಮುಚ್ಚಿದ್ರಿ. ಪುಸ್ತಕದ ಮೂಲೆ ಕಾಣ್ತಿತ್ತು.”

“ಮತ್ತೆ ಯಾಕೆ ಬಿಟ್ಟು ಹೋದೆ?”

“ಸಿಟ್ಟೇನೋ ಇತ್ತು. ಎಷ್ಟೋ ವರ್ಷ ಇತ್ತು.” ಅವಳು ಅಕ್ಕನ ಕಡೆ ನೋಡಿದಳು. “ಇದೇನಾ ಆ ಕಂಕುಳ ಕೂಸು? ಅದು ಏನಾದ್ರೂ ತಿನ್ನಬೇಕಿತ್ತಲ್ಲ.”

ಅಕ್ಕ ಕುರ್ಚಿಯ ಪಕ್ಕ ಕೂತು ಹೇಳಿದಳು. “ಪ್ರಕಾಶಕರಿಗೆ ಕಾಯೋಕೆ ಹೇಳ್ತೀನಿ. ಪುಸ್ತಕ ನಿಮ್ಮ ಹೆಸರಲ್ಲಿ ಅಚ್ಚಾಗಬೇಕು. ನೀವು ಒಪ್ಪಿದರೆ ಮಾತ್ರ.”

ಉದ್ದಕ್ಕ ಕನ್ನಡಕ ಏರಿಸಿ ಪುಟ ತಿರುವಿದಳು. ಎಣ್ಣೆ ಕಲೆಗಳ ಮೇಲೆ ಬೆರಳಾಡಿಸಿದಳು. ಆಮೇಲೆ ಪುಸ್ತಕ ಮುಚ್ಚಿದಳು.

“ನಾಳೆ ಆ ಸ್ಟ್ಯೂ ಮಾಡಿ ತಗೊಂಡು ಬಾ. ನೆಟ್ಟಗೆ ಮಾಡ್ತೀಯೋ ಇಲ್ವೋ ನೋಡ್ತೀನಿ. ಹೆಸರಿನ ಮಾತು ಆಮೇಲೆ.”